ಲಂಗದ ಅಂಚು

ಆಗ ನನಗೆ ಹನ್ನೆರಡು. ಐವತ್ತು ವರ್ಷದ ಹಿಂದಿನ ಮಾತು. ಈಗ ಮೊಮ್ಮಗಳು ಕಬಡ್ಡಿ ಆಡಿಬಂದು ಮೊಣಕಾಲಿಗೆ ನೋವಿನ ಮುಲಾಮು ತಿಕ್ಕಿಕೊಂಡರೆ, ಆ ವಾಸನೆಗೆ ಮಾನ್ವಿ ಶಾಲೆಯ ಮೈದಾನ ನೆನಪಾಗಿ ಸಿಟ್ಟು ಬರುತ್ತದೆ. ನಮ್ಮ ಮಾಸ್ತರರ ಬಳಿಯೂ ಅಂಥದೇ ಡಬ್ಬಿ ಇತ್ತು.

ರಾಯಚೂರಿಗೆ ಹೋಗುವ ಕಬಡ್ಡಿ ತಂಡಕ್ಕೆ ಆ ಮಧ್ಯಾಹ್ನ ಆಯ್ಕೆ. ಎದುರಾಳಿ ಒಳನುಗ್ಗಿದರೆ ಮೊಣಕಾಲು ಬಗ್ಗಿಸಿ, ಮುಂಗಾಲ ಮೇಲೆ ಹಿಂದಕ್ಕೆ ಸರಿಯಬೇಕಿತ್ತು. ನಾನು ಸರಿದಾಗೆಲ್ಲ ಲಂಗದ ಅಂಚು ತುಳಿದು ಬೀಳುತ್ತಿದ್ದೆ.

“ಮೊಣಕಾಲು ಬಗ್ಗಸು!” ಮಾಸ್ತರರು ಕೂಗಿದರು.

“ಬಗ್ಗಸೀನ್ರೀ ಸರ್.”

“ಲಂಗದಾಗ ನನಗೇನ್ ಕಾಣ್ತದ?”

ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ನನ್ನನ್ನು ಮನೆಗೆ ಕರೆದೊಯ್ಯಲು ಬಂದು ನಿಂತಿದ್ದ ಅವ್ವ ಓಡಿಬಂದು ಅದನ್ನು ಕೆಳಗೆಳೆದಳು.

“ಗದ್ದ್ಯಾಗ ಸಸಿ ಹಚ್ಚಾಕ ನೀನ ಎತ್ತಿ ಕಟ್ಟಸ್ತಿಯಲ್ಲ ಯವ್ವಾ?” ಎಂದೆ.

“ಅಲ್ಲಿ ಎಲ್ಲಾರೂ ಬಗ್ಗಿರ್ತಾರ. ನಿನ್ನ ಕಾಲು ಯಾರ್ ನೋಡ್ತಾರ?”

ಮತ್ತೆ ಬಿದ್ದೆ. ಮಾಸ್ತರರು ನನ್ನ ಹೆಸರು ಹೊಡೆದುಹಾಕಿದರು.

ಮರುದಿನ ಬೆಳಗ್ಗೆ ತಂಡ ಬಸ್ಸು ಹತ್ತುವ ಹೊತ್ತಿಗೆ ನಾನು ಲಂಗ ಎತ್ತಿ ಕಟ್ಟಿ ಗದ್ದೆಯ ಕೆಸರಿನಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಸಸಿ ಹಚ್ಚುತ್ತಿದ್ದೆ. ಪಕ್ಕದ ಸಾಲಿನಿಂದ ಅವ್ವ ಎರಡು ಸಲ ಕರೆದಳು. ನಾನು ಇನ್ನೊಂದು ಹೆಜ್ಜೆ ಹಿಂದಕ್ಕೆ ಸರಿದು ಮುಂದಿನ ಸಸಿ ಹಚ್ಚಿದೆ.