ಬೀಗರಿಗೆ ನಿನ್ನೆಯ ರೊಟ್ಟಿ

“ಬಿಸಿ ರೊಟ್ಟಿ ಬ್ಯಾಡ್ರಿ ಅಕ್ಕಾರ. ನಿನ್ನಿ ರೊಟ್ಟಿ ಇದ್ರ ಒಂದೆರಡು ಹಾಕ್ರಿ,” ಎಂದು ಶಂಕ್ರೆಪ್ಪ ತಾಟಿಗೆ ಕೈ ಅಡ್ಡ ಹಿಡಿದರು.

ಬಬಲೇಶ್ವರದ ಗೌರಾಬಾಯಿ ಹಬೆಯಾಡುವ ರೊಟ್ಟಿ ಹಿಡಿದುಕೊಂಡು ನಿಂತಲ್ಲೇ ನಿಂತರು. ವಿಜಯಪುರದ ಗಾಂಧಿ ಚೌಕದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಈ ಶಂಕ್ರೆಪ್ಪ ಇವತ್ತು ಬಂದದ್ದು ಇವರ ಮಗಳು ಶಾಂಭವಿಯನ್ನು ತಮ್ಮ ಮಗ ಸಿದ್ದಲಿಂಗೇಶನಿಗೆ ಗೊತ್ತು ಮಾಡಿಕೊಳ್ಳಲು. ಉಂಡೆದ್ದು ಎರಡೂ ಕಡೆಯವರು ಬಾಯಿಗೆ ಸಕ್ಕರೆ ಹಾಕಿಕೊಂಡರೆ ಸಂಬಂಧ ಗಟ್ಟಿಯಾದಂತೆ. ಮೂರು ವರ್ಷ ಹುಡುಕಿ ಸಿಕ್ಕ ಸಂಬಂಧ. ಅಂಥ ಬೀಗರ ತಾಟಿಗೆ ನಿನ್ನೆಯ ರೊಟ್ಟಿಯೇ? ಊರು ಉಗಿಯದೆ ಬಿಟ್ಟೀತೇ?

“ಚಾಷ್ಟಿ ಮಾಡಬ್ಯಾಡ್ರಿ ಅಣ್ಣಾರ.”

“ಚಾಷ್ಟಿ ಅಲ್ರಿ, ಡಾಕ್ಟರ್ ಹೇಳ್ಯಾರ. ನನ್ನ ಲಿವರ್‌ದಾಗ ಕೊಬ್ಬು ತುಂಬೈತಿ. ಬಿಸಿ ರೊಟ್ಟಿ ಲಗೂನ ಕರಗಿ ಸಕ್ಕರಿ ಆಗಿಬಿಡ್ತೈತಂತ. ಒಂದಿನ ಆರಿದ ರೊಟ್ಟಿ ಹಂಗ ಪೂರಾ ಕರಗಂಗಿಲ್ಲ. ಕರಗದ ಪಾಲು ಸೀದಾ ದೊಡ್ಡ ಕರಳಿಗೆ ಹೋಗ್ತೈತಿ. ಅಲ್ಲಿ ಕೋಟಿಗಟ್ಟಲೆ ಜೀವಾಣು ಬಾಯಿ ತಕ್ಕೊಂಡು ಕುಂತಿರ್ತಾವ. ಅವು ಇದನ್ನ ಉಂಡು ಬ್ಯುಟಿರೇಟ್ ಅಂತ ಒಂದು ನಮೂನಿ ಆಮ್ಲ ಮಾಡ್ತಾವ. ಅದರಿಂದ ಕರಳು ಗಟ್ಟಿ ಇರ್ತೈತಿ, ಕೊಬ್ಬು ಕರಗಾಕ ಮದತ್ ಆಗ್ತೈತಿ. ನಮ್ಮ ಸಿದ್ದಲಿಂಗೇಶಗೂ ಹೊಟ್ಟಿ ಬಂದೈತಿ. ಅವಗೂ ಇದನ್ನ ಹೇಳ್ಯಾರ.” ಹೇಳುತ್ತ ಹೇಳುತ್ತ ಶಂಕ್ರೆಪ್ಪ ಹೊಟ್ಟೆಯನ್ನು ಪ್ರೀತಿಯಿಂದ ಸವರಿಕೊಂಡರು, ಒಳಗಿನವರನ್ನೂ ಊಟಕ್ಕೆ ಏಳಿಸುವವರ ಹಾಗೆ.

ಗೌರಾಬಾಯಿಗೆ ಆಮ್ಲ ಅರ್ಥವಾಗಲಿಲ್ಲ, ಅವಮಾನ ಮಾತ್ರ ಚೆನ್ನಾಗಿ ಅರ್ಥವಾಯಿತು. ಬೀಗರನ್ನು ತಮ್ಮ ತೋಟದ ದ್ರಾಕ್ಷಿಯ ಮಾತಿಗೆ ಎಳೆಯುವಂತೆ ಗಂಡ ಮಲ್ಲಿನಾಥನಿಗೆ ಕಣ್ಸನ್ನೆ ಮಾಡಿ ಅಡುಗೆಮನೆಗೆ ಓಡಿದರು.

“ಯವ್ವಾ, ಬುಟ್ಟ್ಯಾಗ ನಿನ್ನೀವು ನಾಕು ಅದಾವಲ್ಲ?” ಎಂದಳು ಶಾಂಭವಿ.

“ಬಾಯಿ ಮುಚ್ಚಲೇ! ನಾವು ತಿನ್ನೂದನ್ನ ಬೀಗರಿಗೆ ಹಾಕ್ಲೇನು?” ಎನ್ನುತ್ತ ಗೌರಾಬಾಯಿ ಎರಡು ಬಿಸಿ ರೊಟ್ಟಿಗಳನ್ನು ಫ್ರಿಜ್ಜಿನ ಐಸಿನ ಖಾನೆಗೆ ತುರುಕಿದರು. ಹತ್ತು ನಿಮಿಷದಲ್ಲಿ ರೊಟ್ಟಿಗೆ ಒಂದು ದಿನದ ವಯಸ್ಸು ಬರಿಸುವ ಉಪಾಯ. ಹೊರಗೆ ಶಂಕ್ರೆಪ್ಪ ದ್ರಾಕ್ಷಿಯ ಸುದ್ದಿ ಕೇಳುತ್ತ ಬರಿ ಬದನೆಕಾಯಿ ಪಲ್ಯವನ್ನೇ ತಿಂದು ಮುಗಿಸುತ್ತ ಬಂದಿದ್ದರು.

“ಇದ ನೋಡ್ರಿ ನಿನ್ನೀದು,” ಎಂದು ಗೌರಾಬಾಯಿ ಕೊನೆಗೂ ತಂದು ಬಡಿಸಿದರು.

ಶಂಕ್ರೆಪ್ಪ ಮುರಿಯಲು ಹೋದರು. ರೊಟ್ಟಿ ಮುರಿಯಲಿಲ್ಲ, ಮೆತ್ತಗೆ ಬಾಗಿತು. ಮೇಲೆ ಕೊರೆಯುವ ತಂಪು, ನಡುವೆ ಇನ್ನೂ ಬೆಚ್ಚಗೆ. ಜೋಳದ ಸೀಮೆಯಲ್ಲಿ ಹುಟ್ಟಿದವರಿಗೆ ರೊಟ್ಟಿಯ ವಯಸ್ಸು ಹೇಳಲು ಬೆರಳು ಸಾಕು.

“ಅಕ್ಕಾರ, ಇದು ಈಗಿಂದು,” ಎಂದು ಅವರು ರೊಟ್ಟಿಯನ್ನು ತಾಟಿನಲ್ಲಿಟ್ಟರು. ಮುಖ ಬಿಗಿದಿತ್ತು. “ಸಕ್ಕರಿ ಹಾಕ್ಕೊಳ್ಳೂಕಿಂತ ಮೊದ್ಲ ಸುಳ್ಳು ಶುರು ಆದ್ರ ಮುಂದ ಹೆಂಗ್ರಿ?”

ಮಲ್ಲಿನಾಥನ ದ್ರಾಕ್ಷಿ ಅಲ್ಲಿಗೇ ನಿಂತಿತು. ಗೌರಾಬಾಯಿ ಸೆರಗಿನ ತುದಿಯನ್ನು ಹಿಂಡತೊಡಗಿದರು. ಮರ್ಯಾದೆ ಉಳಿಸಲು ಹೋಗಿ ಸಂಬಂಧವನ್ನೇ ಕಳೆದೆನಲ್ಲ ಎಂದು ಅವರಿಗೆ ಅಳುವೇ ಬಂತು.

ಅಷ್ಟರಲ್ಲಿ ಶಾಂಭವಿ ಬುಟ್ಟಿಯನ್ನೇ ಎತ್ತಿಕೊಂಡು ಬಂದು ಬೀಗರ ಮುಂದೆ ಇಟ್ಟಳು.

“ಇವು ಖರೇನ ನಿನ್ನೀವು, ತಗೋರಿ. ನಮ್ಮವ್ವ ಸುಳ್ಳು ಹೇಳಿದ್ದು ನಿಮ್ಮ ಮ್ಯಾಲಿನ ಮರ್ಯಾದಿಗೆ. ಬಿಸೀವು ಅಪ್ಪಗ, ಅಣ್ಣಗ, ಬಂದೋರಿಗೆ. ನಿನ್ನೀವು ನಮ್ಮವ್ವಗ, ನನಗ. ಈ ಮನ್ಯಾಗ ಮೊದಲಿಂದ ಹಂಗ ಐತಿ.”

ಶಂಕ್ರೆಪ್ಪ ಒಂದನ್ನು ತೆಗೆದುಕೊಂಡರು. ಅದು ಟಪ್ಪೆಂದು ಮುರಿಯಿತು. ಮುಖದ ಬಿಗಿ ಸಡಿಲಿ ನಗು ಬಂತು.

“ನಮ್ಮನಿಯಾಕಿನೂ ಮೂವತ್ತು ವರ್ಷ ಇದನ್ನ ತಿಂದಾಳ ನೋಡವಾ. ಇನ್ನ ಮ್ಯಾಲ ಇವು ನಮ್ಮ ಅಪ್ಪ-ಮಗನ ಪಾಲಿಗೆ,” ಎಂದು ದೊಡ್ಡದೊಂದು ತುಂಡನ್ನು ಚಟ್ನಿಪುಡಿ, ಮೊಸರಿನೊಂದಿಗೆ ಬಾಯಿಗಿಟ್ಟರು.

ಶಾಂಭವಿ ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಆತು ನಿಂತಳು.

“ಅಂದ್ರ ಮಾವಾರ, ನಿಮ್ಮ ಮನ್ಯಾಗ ದಿನಾ ಬಿಸೀವು ಅತ್ತಿಯವರಿಗೆ, ನನಗ. ಹೌದಲ್ರಿ?”

ಒಣ ರೊಟ್ಟಿ ಬಾಯಿ ತುಂಬಾ ಇತ್ತು. ಶಂಕ್ರೆಪ್ಪ ಅಗಿಯುತ್ತಲೇ ಇದ್ದರು.

“ಅವಸರ ಇಲ್ರಿ, ನುಂಗಿ ಹೇಳ್ರಿ,” ಎಂದಳು ಶಾಂಭವಿ. “ಹೂಂ ಅಂದ್ರ ಸಕ್ಕರಿ ಡಬ್ಬಿ ತರತೇನಿ.”