ಬಲಗಿವಿಯ ಸಿಗರೇಟು

"ಹಿಪ್ನಾಟಿಸಂ ಅಂತೆ, ಮಣ್ಣಂಗಟ್ಟಿ. ಪಾಪ, ಡಾಕ್ಟ್ರಿಗೆ ಬೇಜಾರಾಗ್ಬಾರ್ದು ಅಂತ ಕಣ್ಮುಚ್ಕೊಂಡು ಕೂತಿದ್ದೆ ಅಷ್ಟೆ," ಎನ್ನುತ್ತ ಬಡಗಿ ಬಲಗಿವಿಯ ಸಂದಿಗೆ ಕೈ ಹಾಕಿದ. ಅದು ಸಿಗರೇಟಿನ ಜಾಗ, ಎಡಗಿವಿ ಪೆನ್ಸಿಲಿನದು. ಕೈ ಎಂದೂ ತಪ್ಪಿದ್ದಿಲ್ಲ.

ಹಲಗೆಯ ಇನ್ನೊಂದು ತುದಿ ಹಿಡಿದಿದ್ದ ಮಗಳ ಮುಖ ಸಪ್ಪಗಾಯಿತು. ಅಪ್ಪನ ಕೆಮ್ಮು ಕೇಳಲಾರದೆ, ಸಿಗರೇಟು ಬಿಡಿಸಲೆಂದು ಕಾಡಿಬೇಡಿ ಬೆಳಿಗ್ಗೆ ಆ ಡಾಕ್ಟರ ಬಳಿಗೆ ಕರೆದೊಯ್ದವಳು ಅವಳೇ.

ಸಿಗರೇಟು ಕೈಗೆ ಬಂತು. ಆದರೆ ತುಟಿಯ ಕಡೆ ಹೋಗಲಿಲ್ಲ. ಕೈ ಅದನ್ನು ನೇರ ಹಲಗೆಗೆ ಇಳಿಸಿ, ಅಳತೆಪಟ್ಟಿಯ ಅಂಚಿಗೆ ಒತ್ತಿ, ಗೆರೆ ಎಳೆಯತೊಡಗಿತು. ಸಿಗರೇಟು ಅರ್ಧಕ್ಕೇ ಮುರಿದು ಹೊಗೆಸೊಪ್ಪು ಚೆಲ್ಲಿತು. ಬಡಗಿ ತನ್ನ ಕೈಯನ್ನು ಯಾರದೋ ಎಂಬಂತೆ ನೋಡಿದ.

"ಗೆರೆ ಮೂಡ್ಲಿಲ್ಲಪ್ಪ," ಎಂದಳು ಮಗಳು.

ಅವನು ಪುಡಿಯನ್ನು ಊದಿ, ಎಡಗಿವಿಯಿಂದ ಪೆನ್ಸಿಲು ತೆಗೆದ. "ನೆಟ್ಟಗೆ ಹಿಡ್ಕೊ. ನೀನು ನಕ್ರೆ ಹಲಗೆ ಅಲ್ಲಾಡುತ್ತೆ."