ಬಲಗಾಲಿನ ಸಾಕ್ಷಿ

ಆ ಬೆಳಿಗ್ಗೆ ಮೋಡವಿತ್ತು, ಮಳೆ ಇರಲಿಲ್ಲ. ಗಾಳಿ ಮಾತ್ರ ಹಗ್ಗ ಹರಿದ ಹೋರಿಯಂತೆ ಓಣಿಯಲ್ಲಿ ಸಿಕ್ಕಿದ್ದನ್ನೆಲ್ಲ ಕೆಡವುತ್ತಿತ್ತು. ಕೊಪ್ಪಳದ ಮಗ್ಗುಲಿನ ಭಾಗ್ಯನಗರದ ತನ್ನ ಮನೆಯ ಮುಂದೆ ನಿಂತಿದ್ದ ಕೆಂಪು ಕಾರನ್ನು ಟಿಪ್ಪುಸಾಬ ಮತ್ತೊಮ್ಮೆ ಸುತ್ತುಹಾಕಿದ. ನೆಲಕ್ಕೆ ಹೊಟ್ಟೆ ಹಚ್ಚಿ ಕೂತ ವಿದೇಶಿ ಗಾಡಿ. ಪೆಡಲು ತುಳಿದರೆ ಊರಿನ ತಗಡಿನ ಸೂರುಗಳೆಲ್ಲ ನಡುಗಬೇಕು, ಅಂಥದು.

"ಒಳಗ ಬರ್ರಿ," ಎಂದಳು ಹೆಂಡತಿ ಚಾಂದಬೀ ಬಾಗಿಲಿನಿಂದ. "ಹುಡುಗ ಚಾ ಕುಡದು ಬರೇ ಗ್ಲಾಸು ಹಿಡ್ಕೊಂಡು ಕುಂತಾನ. ಅವನ್ನ ನೋಡ್ತೀರೋ, ಅವನ ಗಾಲಿ ನೋಡ್ತೀರೋ?"

"ಎರಡೂ ಒಂದ," ಎಂದ ಟಿಪ್ಪುಸಾಬ.

ಅವನ ಮಟ್ಟಿಗೆ ಅದು ನಿಜ. ದುಡಿಮೆಯ ಕಾಲವೆಲ್ಲ ಸರ್ಕಾರಿ ಬಸ್ಸು ಓಡಿಸಿದವ. ಯಾವ ಡ್ರೈವರು ಲೀಟರಿಗೆ ಎಷ್ಟು ಕಿಲೋಮೀಟರು ತಂದ ಎಂದು ಡಿಪೋದ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಆ ಬೋರ್ಡು ನೋಡಿಯೇ ಅವನು ಮನುಷ್ಯರನ್ನು ಅಳೆಯಲು ಕಲಿತ. ಮೈಲೇಜು ಬಿದ್ದವನ ಮನೆಯಲ್ಲಿ ಜಗಳ, ಮೈಲೇಜು ಉಳಿಸಿದವನ ಮನೆಯಲ್ಲಿ ನೆಮ್ಮದಿ. "ಬಾಯಿ ಸುಳ್ಳು ಹೇಳತೈತಿ, ಬಲಗಾಲು ಹೇಳಂಗಿಲ್ಲ" ಎನ್ನುತ್ತಿದ್ದ. ಒಮ್ಮೆ ಮಾತ್ರ ಬಾಯಿಯನ್ನು ನಂಬಿ ತಂಗಿ ಫಾತಿಮಾಬೀಯನ್ನು ಕುಷ್ಟಗಿಗೆ ಕೊಟ್ಟಿದ್ದ. ಜೇನಿನಂಥ ಮಾತಿನ ಆ ಗಂಡ ವರ್ಷ ತುಂಬುವುದರೊಳಗೆ ಅವಳ ಕೈ ಮುರಿದು ಕಳಿಸಿದ್ದ.

ಈಗ ಮಗಳು ಮುಬಾಶಿರಾಳ ಸರದಿ. ತಾಯಿಯ ಹೆಗಲಿಗೆ ಬರುವಷ್ಟೇ ಎತ್ತರದ ಹುಡುಗಿ. ಕೊಪ್ಪಳದ ಲ್ಯಾಬೊಂದರಲ್ಲಿ ಕೆಲಸ. ಸಂಬಂಧ ತಾನಾಗಿಯೇ ಮನೆ ಹುಡುಕಿಕೊಂಡು ಬಂದಿತ್ತು. ಹುಡುಗ ಆಸೀಫ, ಗಂಗಾವತಿಯ ಅಕ್ಕಿಗಿರಣಿಯ ಮನೆತನ, ಕೊಪ್ಪಳದ ಗೋದಾಮು ನೋಡಿಕೊಂಡು ಅಲ್ಲೇ ಇರುತ್ತಾನೆ. ಬೆಳಗಿನ ನಮಾಜಿನಲ್ಲಿ ಟಿಪ್ಪುಸಾಬ ಬೇಡಿದ್ದು ಒಂದೇ: ಮಾಲೀಕ, ಈ ಸಲ ನನ್ನ ಕಣ್ಣು ತಪ್ಪದಿರಲಿ.

"ಬೇಟಾ, ನಡಿ, ಕುಕನೂರತನಕ ಹೋಗಿ ಬರೂಣು. ನಿನ್ನ ಗಾಡಿ ಹೆಂಗ ಐತಿ ನೋಡೂಣು."

ಆಸೀಫನ ಮುಖ ಬಾಡಿತು. ಒಳಮನೆಯಲ್ಲಿ ಪಾತ್ರೆಯೊಂದು ಉರುಳಿಬಿದ್ದ ಸದ್ದಾಯಿತು. "ಗಾಳಿ," ಎಂದಳು ಚಾಂದಬೀ.

ಹಳೇ ಚಟ. ಟಿಪ್ಪುಸಾಬ ಮೊದಲು ಡ್ರೈವರ್ ಸೀಟಿನಲ್ಲೇ ಕೂತ. ಬಾಗಿಲಿನ ಮೇಲೆ ಸೀಟು ಸರಿಸುವ ಗುಂಡಿಗಳಿದ್ದವು, ಒಂದು, ಎರಡು ಎಂದು. ಎರಡನ್ನು ಒತ್ತಿದ್ದೇ ತಡ, ಸೀಟು ಗುರ್ರೆಂದು ಮುಂದೆ ಸರಿದು, ಮೇಲೆದ್ದು, ಅವನ ಹೊಟ್ಟೆಯನ್ನು ಸ್ಟೀರಿಂಗಿಗೆ ಅಮುಕಿತು.

"ಯಾ ಅಲ್ಲಾ! ಇದು ನನ್ನ ರೊಟ್ಟಿ ತಟ್ಟಾಕ ಹತ್ತೈತಲ್ಲೋ!"

ಆಸೀಫ ಗಾಬರಿಯಿಂದ ಬಾಗಿ ಒಂದನ್ನು ಒತ್ತಿದ. "ಎರಡು ಮುಟ್ಟಬ್ಯಾಡ್ರಿ ಚಾಚಾ. ಅದು ಗಿಡ್ಡ ಮಂದಿಗೆ."

"ಕಂಪನಿಯವರು ಎಲ್ಲಾ ವಿಚಾರ ಮಾಡ್ಯಾರ ಬಿಡು," ಎಂದು ಟಿಪ್ಪುಸಾಬ ಹೊಟ್ಟೆ ನೀವಿಕೊಳ್ಳುತ್ತ ಪಕ್ಕದ ಸೀಟಿಗೆ ಹೋದ.

ಹಾದಿಯುದ್ದಕ್ಕೂ ಅವನು ಹೊರಗೆ ನೋಡಲಿಲ್ಲ. ಹುಡುಗನ ಬಲಗಾಲನ್ನೇ ನೋಡಿದ. ಆ ಕಾಲು ಪೆಡಲನ್ನು ಒತ್ತುತ್ತಿರಲಿಲ್ಲ, ಸವರುತ್ತಿತ್ತು. ರಸ್ತೆಯ ಉಬ್ಬು ದೂರವಿದ್ದಾಗಲೇ ಕಾಲು ಎತ್ತುತ್ತಿದ್ದ. ಗಾಡಿ ತಾನೇ ಹರಿದುಹೋಗಿ ಉಬ್ಬಿನ ಮುಂದೆ ತಣ್ಣಗಾಗುತ್ತಿತ್ತು. ಬ್ರೇಕಿಗೆ ಕೆಲಸವೇ ಇಲ್ಲ. ಗೊಬ್ಬರ ಹೇರಿದ ಟ್ರ್ಯಾಕ್ಟರಿನ ಹಿಂದೆ ಹಾರ್ನು ಮಾಡದೆ ಕಾದ. ಹಾಲಿನ ಟೆಂಪೋದವನೊಬ್ಬ ದಾಟಿಹೋಗುತ್ತ ತಲೆ ಹೊರಹಾಕಿ ಕೂಗಿದ: "ಏನ್ರಿ ಸಾಹೇಬ್ರ, ಇಂಥಾ ಗಾಡಿಗೆ ಎತ್ತು ಕಟ್ಟೀರೇನು?"

ಆಸೀಫ ನಕ್ಕ. ಹೊಲಗಳ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ಹುಚ್ಚೆದ್ದು ತಿರುಗುತ್ತಿದ್ದವು.

ಆ ಕಾಲಿನ ಕೆಳಗೆ ತತ್ತಿ ಇಟ್ಟಿದ್ದರೂ ಒಡೆಯುತ್ತಿರಲಿಲ್ಲ. ಮುಬಾಶಿರಾಗೆ ತನ್ನ ಹಳೆಯ ಕಾರಿನಲ್ಲಿ ಟಿಪ್ಪುಸಾಬ ಕಲಿಸಿದ್ದೂ ಇದನ್ನೇ. ಅವನು ಪಕ್ಕದಲ್ಲಿ ಕೂತಾಗ ಅವಳು ಒಮ್ಮೆಯೂ ತತ್ತಿ ಒಡೆದವಳಲ್ಲ.

ಕುಕನೂರು ಮುಟ್ಟುವಷ್ಟರಲ್ಲಿ ಟಿಪ್ಪುಸಾಬನ ಎದೆ ಹಗುರಾಗಿತ್ತು. ಇಲ್ಲೇ ಮಾತು ಕೊಟ್ಟುಬಿಡಬೇಕು ಎಂದು ಅವನು ಬಾಯಿ ತೆರೆಯುತ್ತಿದ್ದಂತೆ ಗಾಡಿ ನಿಂತಿತು, ಮೀಟರಿನಲ್ಲಿ ಎರಡು ಅಂಕಿ ಮೂಡಿದವು. ಈಗಿನ ಓಟಕ್ಕೆ ಲೀಟರಿಗೆ ಹದಿನಾಲ್ಕು. ಟ್ಯಾಂಕು ತುಂಬಿಸಿದಂದಿನಿಂದ ಸರಾಸರಿ ಏಳು.

ಹೊರಗಿನ ಗಾಳಿ ಎದೆಯೊಳಗೆ ಹೊಕ್ಕಂತಾಯಿತು. ಗಾಡಿ ಅದೇ, ಎಂಜಿನ್ನು ಅದೇ. ಬದಲಾಗುವುದು ಕಾಲೊಂದೇ. ಏಳಕ್ಕೆ ಇಳಿಯಬೇಕೆಂದರೆ ಹೊರಟಾಗೆಲ್ಲ ನೆಲಕ್ಕೆ ತುಳಿದು ಹಾರಿಸಬೇಕು, ಎದುರಿಗೆ ಏನಾದರೂ ಬಂದಾಗ ಬ್ರೇಕು ಕಚ್ಚಿಸಿ ನಿಲ್ಲಿಸಬೇಕು, ಮತ್ತೆ ತುಳಿಯಬೇಕು.

"ಈ ಏಳು ಯಾರದು ಬೇಟಾ?"

ಆಸೀಫ ಮೀಟರನ್ನು ನೋಡಿದ.

"ಡ್ರೈವರ್ ಇಟ್ಟೀಯೇನು? ಅಣ್ಣತಮ್ಮರು ಯಾರರೆ ಓಡಸ್ತಾರೇನು?"

"ಡ್ರೈವರ್ ಇಲ್ರಿ. ಅಣ್ಣತಮ್ಮರೂ ಇಲ್ರಿ ನನಗ."

"ಅಂದ್ರ?"

"ಗಾಡಿ ನಂದು ಚಾಚಾ. ತಪ್ಪೂ ನಂದ ಅಂತ ತಿಳಕೋರಿ."

ಟಿಪ್ಪುಸಾಬ ಹಾಗೆಯೇ ತಿಳಿದುಕೊಂಡ. ತಪಾಸಣೆಯ ಸಾಹೇಬರು ಬಸ್ಸು ಹತ್ತಿದ ದಿನ ಎಲ್ಲ ಡ್ರೈವರೂ ಸಂತರೇ. ಎದುರಿಗೆ ಹೂವಿನ ಕಾಲು, ಮರೆಯಲ್ಲಿ ಕಲ್ಲಿನ ಕಾಲು. ಕಾಲು ಇಂಥದ್ದಾದರೆ ಕೈ ಎಂಥದ್ದಿರಬೇಕು? ಫಾತಿಮಾಬೀಯ ಮುರಿದ ಕೈ ಕಣ್ಣ ಮುಂದೆ ಬಂತು.

ಇಬ್ಬರೂ ಭಾಗ್ಯನಗರಕ್ಕೆ ಮರಳಿದರು. ಹೊಸ್ತಿಲಲ್ಲಿ ಟಿಪ್ಪುಸಾಬ ಹೇಳಿದ್ದಿಷ್ಟೇ: "ನಿಮ್ಮ ಮನಿಯವರಿಗೆ ಹೇಳು ಬೇಟಾ, ಈ ಸಂಬಂಧ ಆಗಂಗಿಲ್ಲ." ಆಸೀಫ ಎದೆಗೆ ಕೈಯಿಟ್ಟು ಸಲಾಮು ಹೇಳಿದ. ತೊಟ್ಟಿಲ ಮಗು ಏಳದಷ್ಟು ಮೆಲ್ಲಗೆ ಗಾಡಿ ಓಣಿ ದಾಟಿತು.

"ಏನ್ ತಪ್ಪ ಮಾಡ್ಯಾನ ಹುಡುಗ?" ಚಾಂದಬೀ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮೈಲೇಜು ಏಳು."

"ಪೆಟ್ರೋಲು ಅವರು ಹಾಕಸ್ತಾರ, ಉರಿ ನಿಮಗ್ಯಾಕ್ರಿ?"

"ಉರಿಯಾಕಿ ನಾಳೆ ನನ್ನ ಮಗಳು!"

ಒಳಬಾಗಿಲ ಪರದೆ ಸರಿಸಿ ಮುಬಾಶಿರಾ ಬಂದಳು. ತಂದೆಯ ಮುಷ್ಟಿಯನ್ನು ಬಿಡಿಸಿ, ಆ ಕೆಂಪು ಕಾರಿನ ಇನ್ನೊಂದು ಚಾವಿಯನ್ನು ಅಂಗೈಯಲ್ಲಿ ಮೆಲ್ಲಗೆ ಇಟ್ಟಳು.

"ಇದು ಅವರದು, ಮುಟ್ಟಿಸಿಬಿಡ್ರಿ ಅಬ್ಬಾ. ಆ ಏಳು ನಂದು."